ಅಳತೆ ಮೀರದ ಕೂಡಿಕೆ

ಸೊಸೆ ಶ್ರವಣಯಂತ್ರಗಳಿಗೆ ಪ್ರೋಗ್ರಾಂ ಬರೆಯುವವಳು. ತಾನು ಸಿದ್ಧಪಡಿಸಿದ ಹೊಸ ಯಂತ್ರವನ್ನು ಮೊದಲು ಅತ್ತೆಯ ಕಿವಿಗೇ ಹಾಕಿದಳು. ಮಾತೆಲ್ಲ ಚೆನ್ನಾಗಿಯೇ ಕೇಳಿಸಿತು. ಆದರೆ ಅಡುಗೆಮನೆಯಲ್ಲಿ ತಟ್ಟೆ ಬಿದ್ದೊಡನೆ ಅತ್ತೆ ಅದನ್ನು ಕಿತ್ತಿಟ್ಟರು.

"ಕಿವಿಯೊಳಗೆ ಗಾಜು ಒಡೆದ ಹಾಗಾಯ್ತು ಕಣೇ. ಇದಕ್ಕಿಂತ ಕಿವುಡೇ ವಾಸಿ."

ತಪ್ಪು ಕೂಡುವ ಲೆಕ್ಕದಲ್ಲಿತ್ತು. ಎರಡು ಮೈಕುಗಳ ಜೋರು ಸದ್ದನ್ನು ಕೂಡಿದಾಗ ಮೊತ್ತ ಅದಕ್ಕೆಂದು ಇದ್ದ ಹದಿನಾರು ಬಿಟ್‌ಗಳ ಜಾಗದಲ್ಲಿ ಹಿಡಿಸದೆ, ಥಟ್ಟನೆ ಋಣಸಂಖ್ಯೆಯಾಗಿ, ಕಿವಿಗೆ ಕರ್ಕಶವಾಗಿ ಬಡಿಯುತ್ತಿತ್ತು. ಮೊತ್ತ ಹಿಡಿಸುತ್ತದೆಯೇ ಎಂದು ಪ್ರತಿ ಸಲವೂ ಪರೀಕ್ಷಿಸಿ ಕೂಡುವಷ್ಟು ವೇಗ ಯಂತ್ರದೊಳಗಿನ ಪುಟ್ಟ ಚಿಪ್‌ಗೆ ಇರಲಿಲ್ಲ. ಅವಳ ಪುಣ್ಯಕ್ಕೆ, ಅವಳು ಬಳಸುವ ಪ್ರೋಗ್ರಾಮಿಂಗ್ ಭಾಷೆಗೆ ಆಗಷ್ಟೇ ಇನ್ನೊಂದು ಬಗೆಯ ಕೂಡಿಕೆ ಸೇರಿತ್ತು. ಹಿಡಿಸುವ ಅತಿ ದೊಡ್ಡ ಸಂಖ್ಯೆ ಮುಟ್ಟಿದರೆ ಮೊತ್ತ ಅಲ್ಲೇ ನಿಲ್ಲುತ್ತದೆ, ಕೆಲಸ ಚಿಪ್‌ನ ಒಂದೇ ಆದೇಶದಲ್ಲಿ ಮುಗಿಯುತ್ತದೆ. ಅದನ್ನು ಬಳಸಿದ ಮೇಲೆ ಅತ್ತೆ ಯಂತ್ರವನ್ನು ತೆಗೆಯಲೇ ಇಲ್ಲ.

ಆ ಕೂಡಿಕೆಯನ್ನು ಸಂಬಳವಿಲ್ಲದೆ ಬರೆದುಕೊಟ್ಟವರು ಒಬ್ಬ ನಿವೃತ್ತ ಇಂಜಿನಿಯರ್. ಸೊಸೆ ಅವರಿಗೆ ಫೋನ್ ಮಾಡಿ, ನಡೆದದ್ದನ್ನು ಹೇಳಿ, ಅತ್ತೆಯ ಕೈಗೆ ಕೊಟ್ಟಳು.

"ನಿಮ್ಮ ಲೆಕ್ಕದ ತಲೆಬುಡ ನನಗೆ ಗೊತ್ತಾಗಲ್ಲ ಸ್ವಾಮಿ. ಆದ್ರೆ ಮನೆಯವರ ಮಾತೆಲ್ಲ ಕೇಳಿಸ್ತಿದೆ. ನಿಮ್ಮ ಹೊಟ್ಟೆ ತಣ್ಣಗಿರಲಿ."



"ಇದನ್ನ ಯಾರು ಬಳಸ್ತಾರೆ ಅಂತ ಎಲ್ಲರೂ ಕೇಳಿದ್ರಮ್ಮ," ಎಂದರು ಆ ಕಡೆಯಿಂದ ಇಂಜಿನಿಯರ್. "ಇನ್ನೊಂದು ಸಲ ಹೇಳಿ, ನನ್ನ ಹೆಂಡತಿನೂ ಕೇಳಲಿ."