ಎರಡು ಮನೆಗೆ ಒಂದು ಹೆಸರು

"ಸಾ, ಈ ಎಸ್ರು ನಮ್ಮವ್ವನ ಬಾಯಲ್ಲಿ ತಿರುಗಾಕಿಲ್ಲ ಕಣ್ ಸಾ," ಎಂದು ಕಟ್ಟಾಯದ ಬೋರಪ್ಪ ಚೀಟಿಯನ್ನು ವಾಪಸ್ಸು ಚಾಚಿದ. ಅದರಲ್ಲಿ 'ಸಹಿಷ್ಣು' ಎಂದು ಬರೆದಿತ್ತು. "ಬ್ಯಾರೆ ಏನಾರ ಸಣ್ಣದು ಕೊಡಿ. ಕರುದ್ರೆ ಮಗ ತಿರುಗಿ ನೋಡ್ಬೇಕು, ಅಂಗಿರ್ಲಿ."

ಯೋಗಾನರಸಿಂಹ ಮೇಷ್ಟರು ಸ್ವಲ್ಪ ಯೋಚಿಸಿ 'ಸುಶೀಲ್' ಎಂದು ಬರೆದುಕೊಟ್ಟರು. ಬೋರಪ್ಪ ಎರಡು ಸಲ ಬಾಯಲ್ಲಿ ಹೇಳಿಕೊಂಡು ನೋಡಿ, "ಇದಾಯ್ತದೆ ಬುಡಿ," ಎಂದು ಒಂದು ಚಿಪ್ಪು ಬಾಳೆಹಣ್ಣನ್ನು ಜಗಲಿಯ ಮೇಲಿಟ್ಟು ಹೊರಟ.

ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಅವರನ್ನು ಹೆಸರಿನ ಮೇಷ್ಟರು ಎಂದರೇ ಬೇಗ ಗೊತ್ತಾಗುತ್ತಿತ್ತು. ಹೈಸ್ಕೂಲಿನಲ್ಲಿ ಸಂಸ್ಕೃತ ಹೇಳಿಕೊಡುತ್ತಿದ್ದಾಗ ಶುರುವಾದದ್ದು, ನಿವೃತ್ತಿಯಾದ ಮೇಲೂ ನಿಂತಿರಲಿಲ್ಲ. ದೇವರ ಹೆಸರು, ಹೂವಿನ ಹೆಸರು ಅವರು ಕೊಡುತ್ತಿರಲಿಲ್ಲ. ಗುಣದ ಹೆಸರೇ ಆಗಬೇಕು. ದಿನಕ್ಕೆ ಇಪ್ಪತ್ತು ಸಲ ಕರೆಸಿಕೊಂಡರೆ ಆ ಗುಣ ಒಂದು ಪಾಲಾದರೂ ಹತ್ತದೇ ಹೋಗುವುದಿಲ್ಲ ಎಂಬುದು ಅವರ ನಂಬಿಕೆ. ಅವರು ವಿನಯ ಎಂದು ಹೆಸರಿಟ್ಟವನೊಬ್ಬ ಬಸ್‌ಸ್ಟ್ಯಾಂಡಿನಲ್ಲಿ ದಿನಕ್ಕೊಬ್ಬರ ಕೊರಳಪಟ್ಟಿ ಹಿಡಿಯುತ್ತಿದ್ದ. ಅದನ್ನು ಯಾರಾದರೂ ಎತ್ತಿದರೆ, "ಬೇರೆ ಹೆಸರಿಟ್ಟಿದ್ದರೆ ಇನ್ನೇನು ಮಾಡುತ್ತಿದ್ದನೋ," ಎನ್ನುತ್ತಿದ್ದರು.

ಬೋರಪ್ಪ ಹೋದ ಮೇಲೆ, ಅಷ್ಟು ಹೊತ್ತು ಗೇಟಿನ ಬಳಿ ಕಾದಿದ್ದ ಹೆಂಗಸು ಬಂದು ಕುಳಿತರು. ಅರವತ್ತರ ಹತ್ತಿರದ ವಯಸ್ಸು, ಇಸ್ತ್ರಿ ಮಾಡಿದ ಕಾಟನ್ ಸೀರೆ, ಬರಿದಾದ ಹಣೆ.

"ಹಾಸನದಿಂದ ಬಂದೆ ಸಾರ್. ಮೊಮ್ಮಗಳಿಗೆ ಒಂದು ಹೆಸರು ಬೇಕಿತ್ತು. ಅಕ್ಷರ ಯಾವುದಾದ್ರೂ ಪರವಾಗಿಲ್ಲ. ಎರಡೂ ಮನೆಯವರು ಬಾಯ್ತುಂಬ ಕರೆಯೋ ಹಾಗಿರಬೇಕು."

"ಎರಡೂ ಮನೆ ಅಂದರೆ?"

"ನಾವು ಚರ್ಚಿಗೆ ಹೋಗೋರು. ಸೊಸೆ ನಿಮ್ಮ ಕಡೆಯವಳು."

ಮೇಷ್ಟರ ಪೆನ್ನು ಒಂದು ಕ್ಷಣ ನಿಂತಿತು. ಈಗ ಇಂಥ ಮದುವೆ ಎಲ್ಲಿಲ್ಲ ಎಂದುಕೊಂಡು ಹಾಳೆಯ ನಡುವೆ ಒಂದು ಗೆರೆ ಎಳೆದರು. "ನಿಮ್ಮಲ್ಲಿ ಗುಣಕ್ಕೆ ಏನೇನು ಹೆಸರಿಡುತ್ತೀರಿ, ಹೇಳಿ."

"ಗ್ರೇಸ್ ಅಂತಿದೆ. ನಮ್ಮಕ್ಕನ ಹೆಸರು ಮರ್ಸಿ. ಫೇತ್ ಅಂತಾನೂ ಇಡ್ತಾರೆ."

ಅವರು ಆ ಕಡೆ ಒಂದೊಂದನ್ನೇ ಬರೆದು ಈ ಕಡೆ ಕೃಪಾ, ಕರುಣಾ, ಶ್ರದ್ಧಾ ಎಂದು ಬರೆದರು. ಪಕ್ಕದ ಮನೆಯ ಸಾಬಿರಾಳ ಹೆಸರಿಗೆ ತಾಳ್ಮೆಯುಳ್ಳವಳು ಎಂದರ್ಥವಂತೆ ಎಂದು ಆಕೆ ನೆನಪಿಸಿಕೊಂಡು ಹೇಳಿದಾಗ ಮೇಷ್ಟರಿಗೆ ಪಾಠ ಮಾಡುತ್ತಿದ್ದ ದಿನಗಳ ಹುರುಪೇ ಬಂದುಬಿಟ್ಟಿತು. "ನೋಡಿ, ನಮ್ಮ ಸಹನಾ! ಭಾಷೆ ಬೇರೆ, ಮೆಚ್ಚುವ ಗುಣ ಒಂದೇ. ಸಹನಾ ಅಂತಲೇ ಇಡಿ."

"ಬೇಡ ಸಾರ್. ಹೆಣ್ಮಗು ಹುಟ್ಟುತ್ಲೇ ತಡ್ಕೋ ತಡ್ಕೋ ಅಂತ ಯಾಕೆ ಹೇಳೋದು?"

ಮೇಷ್ಟರು ನಕ್ಕರು. ಇಷ್ಟು ವರ್ಷದಲ್ಲಿ ಹೀಗೆ ಕೇಳಿದವರಿರಲಿಲ್ಲ. ಮತ್ತೆ ಯೋಚಿಸಿ ಹಾಳೆಯ ಕೆಳಗೆ ದಪ್ಪ ಅಕ್ಷರದಲ್ಲಿ 'ಕ್ಷಮಾ' ಎಂದು ಬರೆದರು. "ಭೂಮಿಗೂ ಇದೇ ಹೆಸರು. ನಿಮ್ಮಲ್ಲೂ ಕ್ಷಮೆ ದೊಡ್ಡದಲ್ಲವೇ?"

"ದಿನಾ ಪ್ರಾರ್ಥನೇಲಿ ಬರೋ ಮಾತೇ ಅದು. ಇದು ಚೆನ್ನಾಗಿದೆ," ಎಂದು ಆಕೆ ಚೀಟಿಗೆ ಕೈ ಚಾಚಿದರು.

ಅಷ್ಟರಲ್ಲಿ ಮೇಷ್ಟರ ಹೆಂಡತಿ ವಸಂತಾ ಕಾಫಿ ತಂದರು. "ತಗೊಳ್ಳಿ ಫಿಲೋಮಿನಾ ಅವರೇ, ಸಕ್ಕರೆ ಕಮ್ಮಿ ಹಾಕಿದೀನಿ," ಎಂದವರು ತಕ್ಷಣ ತುಟಿ ಕಚ್ಚಿಕೊಂಡರು.

ಬಂದವರ ಹೆಸರನ್ನು ಮೇಷ್ಟರು ಇನ್ನೂ ಕೇಳಿಯೇ ಇರಲಿಲ್ಲ. ಹೆಂಡತಿಯನ್ನೂ ಆಕೆಯನ್ನೂ ನೋಡಿದರು.

"ಮಗುವಿನ ತಾಯಿಯ ಹೆಸರೇನು?"

ಫಿಲೋಮಿನಾ ಲೋಟ ಕೆಳಗಿಟ್ಟರು. "ಹಂಸ."

ಹಾಲು ನೀರನ್ನು ಬೇರೆ ಮಾಡುವ ವಿವೇಕ ಬರಲೆಂದು ಮೇಷ್ಟರೇ ಇಟ್ಟ ಆ ಹೆಸರನ್ನು ನಾಲ್ಕು ವರ್ಷದಿಂದ ಆ ಜಗಲಿಯಲ್ಲಿ ಯಾರೂ ಆಡಿರಲಿಲ್ಲ. ಹಾಸನದ ಶಾಲೆಯಲ್ಲಿ ಟೀಚರಾಗಿದ್ದ ಮಗಳು, ಜೊತೆಯಲ್ಲಿ ಪಾಠ ಮಾಡುತ್ತಿದ್ದ ಪ್ರವೀಣನನ್ನು ಮದುವೆಯಾಗಿ ಬಂದ ದಿನ ಮೇಷ್ಟರು ಕೂಗಾಡಿರಲಿಲ್ಲ. ಇನ್ನು ಈ ಮನೆಗೆ ಬರಬೇಡ ಎಂದಷ್ಟೇ ಹೇಳಿ ಒಳಗೆ ಹೋಗಿದ್ದರು. ಅವಳು ಬರಲಿಲ್ಲ.

"ಹಂಸ ಕಳಿಸಿದ್ದಲ್ಲ ಸಾರ್, ಅವಳಿಗೆ ಗೊತ್ತೂ ಇಲ್ಲ," ಎಂದರು ಫಿಲೋಮಿನಾ. "ಊರಿನ ಮಕ್ಕಳಿಗೆಲ್ಲ ನಮ್ಮಪ್ಪ ಹೆಸರು ಕೊಡ್ತಾರೆ, ನಾನು ಫೋನಲ್ಲಿ ಹುಡುಕ್ತಾ ಕೂತಿದೀನಿ ಅಂದ್ಬಿಟ್ಟು ಅತ್ತಳು. ನನಗೆ ತಡೀಲಿಲ್ಲ. ನೀವು ಕೊಟ್ಟಿದ್ದು ಅಂತ ಹೇಳ್ತೀನಿ, ಅಷ್ಟೇ ಸಾಕು." ಆಕೆ ಚೀಟಿ ಮಡಚಿಕೊಂಡು ಎದ್ದರು.

"ಅದನ್ನ ಇಲ್ಲಿ ಕೊಡಿ."

"ಬೇಡ ರೀ," ಎಂದು ವಸಂತಾ ಮುಂದೆ ಬಂದರು. "ಹೆಸರನ್ನಾದ್ರೂ ಇರೋಕೆ ಬಿಡಿ."

ಮೇಷ್ಟರು ಚೀಟಿಯನ್ನು ಹರಿಯಲಿಲ್ಲ. ತೊಡೆಯ ಮೇಲೆ ಬಿಡಿಸಿಟ್ಟು, 'ಕ್ಷಮಾ'ದ ಮೇಲೆ ನಿಧಾನವಾಗಿ ಒಂದು ಗೆರೆ ಎಳೆದರು.

"ಕ್ಷಮಾ ಬೇಡ. ಒಬ್ಬೊಬ್ಬರು ಕರೆದಾಗಲೂ, ಯಾರು ಯಾರನ್ನ ಕ್ಷಮಿಸಬೇಕು ಅಂತ ಮನಸ್ಸು ಅಲ್ಲೇ ಸುತ್ತುತ್ತೆ. ಹಂಸೂಗೆ ಇನ್ನೂ ಹೆಚ್ಚು. ನಮ್ಮ ಜಗಳ ಮಗು ಯಾಕೆ ಹೊರಬೇಕು?"

ಫಿಲೋಮಿನಾ, "ಹಾಗಾದ್ರೆ ಬೇರೆ ಯಾವುದು ಸಾರ್?" ಎಂದರು.

ಮೇಷ್ಟರು ಪೆನ್ನು ಹಿಡಿದರು. ಶಾಂತಿ, ದಯೆ, ಸತ್ಯ, ಧೃತಿ, ಎಷ್ಟೋ ಮನೆಗಳಿಗೆ ಹಂಚಿದ ಮಾತುಗಳೆಲ್ಲ ಬಂದವು. ಯಾವುದನ್ನು ಬರೆಯಹೋದರೂ ತಾವು ಮಾಡದ್ದನ್ನು ಮಗುವಿಗೆ ಮಾಡು ಎಂದಂತೆ ಕಂಡಿತು. ಪೆನ್ನನ್ನು ಜೇಬಿಗೆ ಸಿಕ್ಕಿಸಿದರು.

"ನೋಡದೆ ತೋಚೋದಿಲ್ಲ," ಎಂದರು, ಯಾರ ಮುಖವನ್ನೂ ನೋಡದೆ. "ಮಗುವನ್ನ ಒಂದು ಸಲ ನೋಡಬೇಕು."

ಇದುವರೆಗೆ ಹೆಸರಿಟ್ಟ ನೂರಾರು ಮಕ್ಕಳಲ್ಲಿ ಅವರು ಮುಖ ನೋಡಿದ್ದು ಬೆರಳೆಣಿಕೆಯಷ್ಟು ಮಂದಿಯದು ಮಾತ್ರ. ವಸಂತಾ ಅದನ್ನು ಎತ್ತಲಿಲ್ಲ. ಒಳಗೆ ಹೋಗಿ ಬಟ್ಟೆಯ ಚೀಲದೊಂದಿಗೆ ಬಂದರು. ಚೀಲ ಮೊದಲೇ ತುಂಬಿತ್ತು. ಅದರ ಬಾಯಲ್ಲಿ ಹಳೆಯ ಪಂಚೆ ಹರಿದು ಮಾಡಿದ ಮೆತ್ತನೆಯ ಬಟ್ಟೆಗಳು ಕಾಣುತ್ತಿದ್ದವು.

ಹಾಸನದ ಬಸ್ಸು ಅರ್ಧ ಖಾಲಿಯಿತ್ತು. ಹೆಂಗಸರಿಬ್ಬರೂ ಆಧಾರ್ ಕಾರ್ಡು ತೋರಿಸಿ ಮುಂದಿನ ಸೀಟಿನಲ್ಲಿ ಕುಳಿತರು. ಮೇಷ್ಟರು ತಮ್ಮ ಟಿಕೆಟ್ ತೆಗೆದುಕೊಂಡು ಅವರ ಹಿಂದೆ ಕುಳಿತರು. ಊರು ದಾಟುವುದರೊಳಗೆ ಅವರಿಬ್ಬರೂ ಎಷ್ಟೋ ಕಾಲದ ಗೆಳತಿಯರಂತೆ ಮಾತಿಗೆ ಬಿದ್ದಿದ್ದರು. ಮಗುವಿಗೆ ನೆಗಡಿಯಾಗಿದ್ದದ್ದು, ಎಣ್ಣೆನೀರು ಹಾಕುವಾಗ ಅಳದೇ ಇದ್ದದ್ದು, ಹಂಸ ಸರಿಯಾಗಿ ಊಟ ಮಾಡದಿರುವುದು.

"ಮೂಗು ಯಾರ ಹಾಗಿದೆ?" ಎಂದು ವಸಂತಾ ಕೇಳಿದರು.

ಫಿಲೋಮಿನಾ ಏನೋ ಹೇಳಿದರು. ಬಸ್ಸು ವೇಗ ಹಿಡಿದಿತ್ತು. ಗಾಳಿಗೆ ಮಾತು ಹಾರಿಹೋಯಿತು. ಮೇಷ್ಟರು ಅರ್ಧ ಎದ್ದು, ಬಿಗಿದುಹೋಗಿದ್ದ ಕಿಟಕಿಯ ಗಾಜನ್ನು ಎರಡೂ ಕೈಯಿಂದ ತಳ್ಳಿ ಮುಚ್ಚಿದರು.