ಮೂರಂಚಿನ ದಂಟು

ಕೆರೆಯ ಆ ತುಂಡು ದಡ ಪರಿಸರ ಸಂಘದ ಕೈಗೆ ಬಂದು ಎರಡು ವರ್ಷವಾಗಿತ್ತು. ಸಂಘವೇನೋ ದೇಶದ ತುಂಬ ಇದೆ. ಆದರೆ ಈ ಊರಿನ ಶಾಖೆ ಎಂದರೆ ಟೈಲರಕ್ಕ, ಅವಳ ನಾದಿನಿ, ಮತ್ತೆ ಭಾನುವಾರದ ನಿದ್ದೆ ಬಿಟ್ಟು ಬರುವ ಹದಿನೆಂಟು ಮಂದಿ. ಸಂಬಳವಿಲ್ಲ, ಸನ್ಮಾನವಿಲ್ಲ; ಕೆಸರು ಮಾತ್ರ ಧಾರಾಳ. ನಾಳೆ ಕೇಂದ್ರ ಕಚೇರಿಯ ಮೇಲ್ವಿಚಾರಕರು ಬಂದು ಅವರು ನೆಟ್ಟ ಜೊಂಡಿನ ಬುಡಗಳನ್ನು ಎಣಿಸುವವರಿದ್ದರು. ಇನ್ನೂರಿದ್ದರೆ ದಡ ಉಳಿಯುತ್ತದೆ. ಇಲ್ಲದಿದ್ದರೆ ನಗರಸಭೆ ವಾಪಸ್ ತೆಗೆದುಕೊಂಡು, ಮಣ್ಣು ತುಂಬಿ, ಕಾರು ನಿಲ್ಲಿಸುವ ಜಾಗ ಮಾಡುತ್ತದೆ.

ಶನಿವಾರ ಬೆಳಿಗ್ಗೆ ಟೈಲರಕ್ಕ ತಾನೇ ಒಮ್ಮೆ ಎಣಿಸಿದಳು. ನೂರಾ ಮೂವತ್ತೊಂದು! ನೆಟ್ಟಿದ್ದು ಇನ್ನೂರಕ್ಕೂ ಮೇಲೆ. ಹೋದ ವಾರ ಕಿತ್ತು ದಡದಲ್ಲಿ ಒಟ್ಟಿದ್ದ ಕಳೆಯ ಗುಡ್ಡೆಗೆ ಓಡಿ, ಒಂದು ಗಿಡ ಎಳೆದು, ದಂಟನ್ನು ಬೆರಳಲ್ಲಿ ಹೊರಳಿಸಿ ನೋಡಿದಳು. ಕಳೆಹುಲ್ಲಿನ ದಂಟು ದುಂಡಗೆ, ಈ ಜೊಂಡಿನದು ಮೂರಂಚು; ಎಳೆಯದರಲ್ಲಿ ಕಣ್ಣಿಗೆ ಎರಡೂ ಒಂದೇ. ಕೈಲಿದ್ದದ್ದು ಮೂರಂಚಿನದು. ಮೂವತ್ತು ವರ್ಷ ಬಟ್ಟೆ ಮುಟ್ಟಿ ಪಳಗಿದ ಬೆರಳು ಎಂದೂ ತಪ್ಪಿರಲಿಲ್ಲ. ಆದರೆ ಹೋದ ಭಾನುವಾರ ಕೇಂದ್ರ ಕಚೇರಿ ಕಳಿಸಿದ ದಪ್ಪ ಗ್ಲೌಸನ್ನು ಮೊದಲು ಹಾಕಿಕೊಂಡವಳು ಅವಳೇ, ಶಿಸ್ತೆಂದರೆ ಶಿಸ್ತು ಎಂದು; ಅದರೊಳಗಿನ ಬೆರಳಿಗೆ ಅಂಚು ತಿಳಿದಿರಲಿಲ್ಲ. ಉಳಿದವರೆಲ್ಲ ಅವಳು ಕಿತ್ತಂತೆ ಕಿತ್ತಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಎಲ್ಲರಿಗೂ ಫೋನು ಹೋಯಿತು. ಗುಡ್ಡೆ ಕೆಸರಲ್ಲಿದ್ದುದರಿಂದ ಬೇರುಗಳು ಇನ್ನೂ ಹಸಿಯಾಗಿದ್ದವು. ಸಂಜೆಯೊಳಗೆ ತೊಂಬತ್ತು ಬುಡ ಮತ್ತೆ ನೆಲ ಕಂಡವು.

"ಅತ್ತಿಗೆ, ಈಗ ಇನ್ನೂರ ಇಪ್ಪತ್ತೊಂದಾಯ್ತು," ಎಂದಳು ನಾದಿನಿ, ಸೊಂಟ ಹಿಡಿದುಕೊಂಡು. "ನಾಳೆ ನೀವು ತುಟಿ ಪಿಟಕ್ ಅನ್ನಬೇಡಿ."

"ಇವತ್ತು ನೆಟ್ಟಿದ್ದು ಲೆಕ್ಕಕ್ಕಿಲ್ಲ ಕಣೇ. ತೊಂಬತ್ತು ದಿನ ಬೇರೂರಿರಬೇಕು ಅಂತ ನಿಯಮ."

"ನಿಯಮ ಅಂತೆ! ಗ್ಲೌಸೂ ನಿಯಮಾನೇ ಆಗಿತ್ತು."

ಟೈಲರಕ್ಕನಿಗೆ ಮಾತು ನಾಟಿತು. ಸುಮ್ಮನಿದ್ದುಬಿಡುವ ಆಸೆ ಅವಳಿಗೂ ಇತ್ತು. ಇರಲಿಲ್ಲ ಎಂದರೆ ಅದೇ ಸುಳ್ಳಾದೀತು.

ಭಾನುವಾರ ಮೇಲ್ವಿಚಾರಕರು ಎಣಿಸಿ ಮುಗಿಸಿದರು. "ಇನ್ನೂರ ಇಪ್ಪತ್ತೊಂದು. ಭೇಷ್!"

ನಾದಿನಿ ಉಸಿರು ಬಿಟ್ಟಳು. ಟೈಲರಕ್ಕ ಬಾಯಿ ಬಿಟ್ಟಳು.

"ಸಾರ್, ಅದ್ರಲ್ಲಿ ತೊಂಬತ್ತು ನಿನ್ನೆ ನೆಟ್ಟಿದ್ದು. ಕಳೆ ಅಂದ್ಕೊಂಡು ನಾವೇ ಕಿತ್ತಿದ್ವಿ. ಮುಂದೆ ನಿಂತು ಕೀಳ್ಸಿದ್ದು ನಾನು."

ಅವರ ಪೆನ್ನು ನಿಂತಿತು. "ಹಾಗಾದ್ರೆ ನೂರಾ ಮೂವತ್ತೊಂದು ಅಂತ್ಲೇ ಬರೀಬೇಕಾಗುತ್ತೆ, ಅಮ್ಮ. ದಡ ವಾಪಸ್ ಹೋಗುತ್ತೆ."

"ಎಷ್ಟು ದಿನಕ್ಕೆ?"

"ನೋಟಿಸು ಬಂದು ವಶಕ್ಕೆ ತಗೊಳ್ಳೋಕೆ ನೂರು ದಿನ."

"ಅಷ್ಟರೊಳಗೆ ಇನ್ನೊಂದ್ಸಲ ಎಣಿಸಿ ಅಂತ ಕೇಳ್ಬಹುದಾ?"

"ಕೇಳ್ಬಹುದು. ಯಾರೂ ಕೇಳಲ್ಲ."

"ನಾವು ಕೇಳ್ತಿದ್ದೀವಿ. ನೆಟ್ಟ ತಾರೀಖು ನಿನ್ನೇದು ಅಂತ ಬರೀರಿ. ತೊಂಬತ್ತು ದಿನ ಆದ್ಮೇಲೆ ಬನ್ನಿ."

"ಅಷ್ಟರಲ್ಲಿ ಸತ್ತುಹೋದ್ರೆ?"

"ಸಾಯೋಕೆ ಬಿಡಲ್ಲ ಸಾರ್."

ಅವರು ಅವಳ ಮುಖವನ್ನೇ ನೋಡಿದರು, ಆಮೇಲೆ ತಾರೀಖು ಬರೆದರು.

ಅವರು ಹೋದ ಮೇಲೆ ನಾದಿನಿ ಮುಖ ಊದಿಸಿಕೊಂಡು ಬಂದಳು. "ಬಾಯಿ ಮುಚ್ಕೊಂಡಿದ್ರೆ ಇವತ್ತೇ ಗೆದ್ದಿರ್ತಿದ್ವಿ. ಈಗ ಬಾತುಕೋಳಿಗಳು ಕಿತ್ತು ಹಾಕದ ಹಾಗೆ ಮೂರು ತಿಂಗಳು ಕಾಯ್ಬೇಕು."

"ಕಾಯ್ಬೇಕು."

"ಬೆಳಗಿನ ಪಾಳಿ ನಂದು," ಎಂದಳು ನಾದಿನಿ, ಸಿಡುಕುತ್ತಲೇ. "ನಿಮಗೆ ಮಂಡಿನೋವು."