ಬಿಚ್ಚಪ್ಪ ಮತ್ತು ನಾಚಿಕೆಗೇಡಿ ಹೂವು

ಗಡಿಯಾರ ರಿಪೇರಿಯವನಿಗೆ ಅವನ ಅತ್ತೆ ಇಟ್ಟ ಅಡ್ಡಹೆಸರು ಬಿಚ್ಚಪ್ಪ. ಎದುರಿಗೆ 'ಅಳಿಯಂದ್ರೇ' ಎಂದು ಬಹುವಚನದಲ್ಲೇ ಕರೆಯುತ್ತಿದ್ದರು. ಅವನು ಬೆನ್ನು ತಿರುಗಿಸಿದ ಕೂಡಲೇ ಬಿಚ್ಚಪ್ಪ. ಹೆಸರೇನೂ ಸುಮ್ಮನೆ ಬಂದದ್ದಲ್ಲ. ಮದುವೆಯಾದ ಹೊಸದರಲ್ಲಿ ಅತ್ತೆ ಮನೆಯ ಗೋಡೆ ಗಡಿಯಾರವನ್ನು ಬಿಚ್ಚಿದ. ಆಮೇಲೆ ಮಿಕ್ಸಿ, ಆಮೇಲೆ ಕೊಡೆ, ಒಂದು ಸಲ ಮಾವನವರು ಲೋಟದಲ್ಲಿ ನೆನೆಹಾಕಿದ್ದ ಹಲ್ಲಿನ ಸೆಟ್ಟು. ಕೆಟ್ಟದ್ದನ್ನು ಬಿಚ್ಚುವುದು ಸರಿ, ಹೊಟ್ಟೆಪಾಡು. ಇವನು ಚೆನ್ನಾಗಿ ನಡೆಯುತ್ತಿದ್ದುದನ್ನೂ ಬಿಡುತ್ತಿರಲಿಲ್ಲ. ಒಳಗೇನು ನಡೆಯುತ್ತಿದೆ ಎಂದು ಕಣ್ಣಾರೆ ಕಾಣದಿದ್ದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ, ಪಾಪ.

ಅಂಥವನ ಕೈಗೆ ಅತ್ತೆ ಒಂದು ಹೂವಿನ ಗೆಡ್ಡೆ ಕೊಟ್ಟರು.

ಮಾವ ತೀರಿಕೊಂಡ ಮೇಲೆ ಅವರು ಹಿತ್ತಲಿದ್ದ ಮನೆ ಬಿಟ್ಟು ಫ್ಲ್ಯಾಟಿಗೆ ಬಂದಿದ್ದರು. ಅಲ್ಲಿ ಮಣ್ಣೆಂದರೆ ಚಪ್ಪಲಿಗೆ ಅಂಟಿಕೊಂಡು ಬಂದದ್ದಷ್ಟೇ. ಹಳೆ ಹಿತ್ತಲಿನಿಂದ ಅಗೆದು ತಂದದ್ದು ಒಂದು ಚೀಲ ಗೆಡ್ಡೆ, ಮಾವ ಮಕ್ಕಳಂತೆ ಸಾಕಿದ್ದು. ಚಳಿಗೆ ಮುಂಚೆ, ಶರತ್ಕಾಲದಲ್ಲಿ, ಮೈಮೇಲೆ ಒಂದೆಲೆಯೂ ಇಲ್ಲದೆ ಬರೀ ದಂಟು ಎದ್ದು ನಿಂತು ಹೂ ಬಿಡುತ್ತಿತ್ತು. ಅದಕ್ಕೇ ಮನೆಯಲ್ಲಿ ಅದರ ಹೆಸರು ನಾಚಿಕೆಗೇಡಿ.

"ಈಗಿರೋ ಎಲೆ ಒಣಗಿ ಹೋಗುತ್ತೆ, ಗಾಬರಿಯಾಗ್ಬೇಡಿ," ಎಂದರು ಅತ್ತೆ. "ಬೇಸಿಗೆಯೆಲ್ಲ ಮಣ್ಣೊಳಗೆ ಮಲಗಿರುತ್ತೆ. ನೀವು ಮಾಡ್ಬೇಕಾದ್ದು ಒಂದೇ ಕೆಲಸ, ಸುಮ್ನಿರೋದು. ಹೂ ಬಂದ್ರೆ ಇಡೀ ಚೀಲ ನಿಮ್ಗೆ. ಇಲ್ದಿದ್ರೆ ನಿಮ್ಮ ಷಡ್ಡಕರಿಗೆ."

ಷಡ್ಡಕ ಬೇಕರಿ ಇಟ್ಟಿದ್ದ. "ನನ್ನ ಕೈಲಿ ಏನಿಟ್ರೂ ಉಬ್ಬುತ್ತೆ ಅತ್ತೆ," ಎಂದು ಹೇಳಿಕೊಂಡು ತಿರುಗುತ್ತಿದ್ದ. ಬಿಚ್ಚಪ್ಪನಿಗೆ ಚೀಲದ ಆಸೆ ಇರಲಿಲ್ಲವೆಂದಲ್ಲ. ಅದಕ್ಕಿಂತ ಹೆಚ್ಚಾಗಿ, ತನ್ನ ಕೈಗೆ ಕೊಟ್ಟ ಒಂದು ವಸ್ತುವಾದರೂ ಇಡಿಯಾಗಿ ಉಳಿಯಿತು ಎಂದು ಅತ್ತೆ ಒಪ್ಪಬೇಕಿತ್ತು. ಜನ್ಮದಲ್ಲಿ ಒಂದು ಸಲ ಸಾಕು.

ಹಿಂಬಾಗಿಲ ಮೆಟ್ಟಿಲ ಪಕ್ಕದ ಮರದ ಪೆಟ್ಟಿಗೆಯಲ್ಲಿ ಗೆಡ್ಡೆ ನೆಟ್ಟ. ಎಲೆ ಒಣಗಿತು. ಗಾಬರಿಯಾಗಲಿಲ್ಲ. ಎಲೆ ಉದುರಿತು. ಆಗಲೂ ಹಲ್ಲು ಕಚ್ಚಿ ತಡೆದುಕೊಂಡ. ಮಣ್ಣು ಮಣ್ಣಾಗಿಯೇ ಇತ್ತು. ಬೆಳಿಗ್ಗೆ ಹಲ್ಲುಜ್ಜುತ್ತಾ ನೋಡುವುದು, ಅಂಗಡಿಯಿಂದ ಬಂದು ಚಪ್ಪಲಿ ಬಿಡುವ ಮುಂಚೆ ನೋಡುವುದು. ಕಡೆಗೊಂದು ಭಾನುವಾರ, ಹೆಂಡತಿ ಆಸ್ಪತ್ರೆ ಡ್ಯೂಟಿಗೆ ಹೋದಾಗ, ಕೈ ತಡೆಯಲಿಲ್ಲ. ಅಗೆದು ತೆಗೆದ. ಮೊದಲು ಕಿವಿಗಿಟ್ಟು ಕೇಳಿದ, ಅಭ್ಯಾಸಬಲ. ಆಮೇಲೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಣ್ಣ ಚಾಕುವಿನಿಂದ ನೆತ್ತಿಯಿಂದ ಬುಡದವರೆಗೆ ಎರಡು ಹೋಳು ಮಾಡಿದ.

ಪದರದ ಮೇಲೆ ಪದರ, ಎಲ್ಲ ಬೆಳ್ಳಗೆ, ಒದ್ದೆಯಾಗಿ. ನಟ್ಟನಡುವೆ ಅಕ್ಕಿಕಾಳಿನಷ್ಟು ದೊಡ್ಡ ಹೂಮೊಗ್ಗು. ಮಡಚಿಟ್ಟ ಎಸಳುಗಳು, ಒಳಗೆ ಆರು ಕೇಸರಗಳು, ಎಲ್ಲ ಆಗಲೇ ಸಿದ್ಧ. ಗೆಡ್ಡೆ ನಡೆಯುತ್ತಿತ್ತು. ಬಹಳ ಚೆನ್ನಾಗಿಯೇ ನಡೆಯುತ್ತಿತ್ತು. ಬಿಚ್ಚಿ ನೋಡಿದ್ದಕ್ಕೆ ನಿಂತಿತು.

ಬಿಚ್ಚಪ್ಪನ ಅಂಗಡಿಯಲ್ಲಿ ಬಿಚ್ಚಿದ್ದನ್ನೆಲ್ಲ ಮತ್ತೆ ಮುಚ್ಚಬಹುದಿತ್ತು, ಹೆಚ್ಚೆಂದರೆ ಒಂದು ಸ್ಕ್ರೂ ಉಳಿಯುತ್ತಿತ್ತು. ಆದರೂ ಎರಡು ಹೋಳುಗಳನ್ನು ಜೋಡಿಸಿ, ದಾರ ಸುತ್ತಿ, ಮಣ್ಣಲ್ಲಿ ಮುಚ್ಚಿಟ್ಟು, ದೇವರಿಗೊಂದು ಕೈಮುಗಿದ. ವಾರ ಕಳೆಯುವಷ್ಟರಲ್ಲಿ ಅದು ಕೊಳೆಯಿತು. ಯಾರಿಗೂ ಉಸಿರೆತ್ತದೆ ನರ್ಸರಿಗೆ ಹೋಗಿ, ನೋಡಲು ಹಾಗೇ ಇದ್ದ ಇನ್ನೊಂದು ಗೆಡ್ಡೆ ತಂದು ನೆಟ್ಟ. ಕಂದು ಸಿಪ್ಪೆ ಹೊದ್ದುಕೊಂಡರೆ ಎಲ್ಲ ಗೆಡ್ಡೆಯೂ ಒಂದೇ ತಾಯಿ ಮಕ್ಕಳಂತೆ ಕಾಣುತ್ತವೆ.

ಶರತ್ಕಾಲ ಬಂತು. ಪೆಟ್ಟಿಗೆಯಲ್ಲಿ ನೆಟ್ಟದ್ದು ಒಂದು, ಎದ್ದದ್ದು ಮೂರು. ಬಿಚ್ಚಪ್ಪ ಕಣ್ಣುಜ್ಜಿ ನೋಡಿದ. ಕೆಂಪಗೊಂದು, ಹಳದಿಯದೊಂದು, ಹಸಿರು ಕೊಳವೆಯಂಥ ಎಲೆಯದು ಇನ್ನೊಂದು. ಇದೆಂಥ ಲೆಕ್ಕ ಎಂದು ತಲೆ ಕೆರೆದುಕೊಳ್ಳುತ್ತಿರುವಾಗಲೇ ಅತ್ತೆ ಚೀಲ ಸಮೇತ ಬಂದಿಳಿದರು.

ಪೆಟ್ಟಿಗೆಯ ಮುಂದೆ ಸ್ಟೂಲ್ ಹಾಕಿಸಿಕೊಂಡು ಕೂತರು. ಹೆಂಡತಿ ಬಂದು ನಿಂತಳು. ರೈಲಿನಲ್ಲಿ ಟಿಕೆಟ್ ತಪಾಸಣೆಯ ಕೆಲಸ ಮಾಡಿ ನಿವೃತ್ತನಾಗಿದ್ದ ಬಿಚ್ಚಪ್ಪನ ಅಪ್ಪನೂ ಬಂದು ನಿಂತ. ಯಾರ ಮುಖದಲ್ಲೂ ಕಳೆಯಿಲ್ಲ.

"ಇದು ಜೇಡ ಲಿಲ್ಲಿ," ಎಂದರು ಅತ್ತೆ ಕೆಂಪು ಹೂವಿನ ಗಲ್ಲ ಹಿಡಿದು. "ಎಸಳು ಹಿಂದಕ್ಕೆ ಸುರುಳಿ ಸುತ್ತಿದೆ, ಕೇಸರ ಬೆಕ್ಕಿನ ಮೀಸೆ ಹಾಗೆ ಹೊರಗೆ ಚಾಚಿದೆ. ನಮ್ಮದು ತಿಳಿಗುಲಾಬಿ, ತುತ್ತೂರಿ ಆಕಾರ. ಯಾರು ತಂದಿದ್ದು?"

"ನಾನು," ಎಂದ ಬಿಚ್ಚಪ್ಪ.

"ಈ ಹಳದಿ ಬಟ್ಟಲು? ಗೇಣುದ್ದ ಇಲ್ಲ, ಎಲೆ ಹೂ ಒಟ್ಟಿಗೇ ಬಂದಿದೆ. ನಾಚಿಕೆ ಇರೋ ಹೂವು. ಇದ್ಯಾರದ್ದು?"

"ನಂದು, ಅಮ್ಮ," ಎಂದಳು ಹೆಂಡತಿ. "ಮಣ್ಣು ಕೆದಕಿದ್ರೆ ಏನೋ ಕೊಳೆತದ್ದು ಸಿಕ್ತು. ನಾನೇ ನೀರು ಜಾಸ್ತಿ ಹಾಕಿ ಕೊಂದೆ ಅಂತ... ಇವ್ರಿಗೆ ಗೊತ್ತಾದ್ರೆ ನೊಂದ್ಕೋತಾರೆ ಅಂತ..."

ಅತ್ತೆ ಮೂರನೆಯ ಗಿಡದ ಎಲೆ ಚಿವುಟಿ ಮೂಸಿದರು. ಮತ್ತೊಮ್ಮೆ ಮೂಸಿದರು.

"ಬೀಗರೇ, ಇದು ಈರುಳ್ಳಿ."

"ಹೌದು," ಎಂದ ಅಪ್ಪ, ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವನ ಹಾಗೆ. "ಖಾಲಿ ಪೆಟ್ಟಿಗೆ ಮುಂದೆ ಇವನು ದಿನಾ ಕೂರೋದು ನೋಡೋಕಾಗ್ಲಿಲ್ಲ. ಅಡುಗೆಮನೇಲಿ ಇದ್ದಿದ್ದು ಇದೇ. ಆದ್ರೂ ನೋಡಿ, ಎಷ್ಟು ಹುರುಪಿಂದ ಎದ್ದಿದೆ!"

"ಎಲ್ಲ ಸರಿ. ನಮ್ಮ ನಾಚಿಕೆಗೇಡಿ ಎಲ್ಲಿ?"

ಬಿಚ್ಚಪ್ಪ ಇಂಗು ತಿಂದ ಮಂಗನಂತೆ ನಿಂತಿದ್ದ. ಸುಳ್ಳು ಹೇಳಲು ಬಾಯಿ ತೆರೆದ, ಬಂದದ್ದು ನಿಜ.

"ಬಿಚ್ಚಿದೆ, ಅತ್ತೆ."

"ಗೆಡ್ಡೆನಾ?"

"ಹ್ಞೂಂ. ಸತ್ತಿರ್ಲಿಲ್ಲ. ಒಳಗೆ ಹೂವಿತ್ತು. ಇಷ್ಟೇ ಇಷ್ಟು, ಅಕ್ಕಿಕಾಳಿನಷ್ಟು. ಆರು ಕೇಸರಾನೂ ಇತ್ತು, ಎಣಿಸಿದೆ. ಮಾವನವರ ಗೆಡ್ಡೆ ಅದು, ನನ್ನ ಕೈಯಾರೆ..." ಚೀಲದ ಕಡೆ ಕೈ ತೋರಿಸಿದ. "ಚೀಲ ಷಡ್ಡಕರಿಗೇ ಕೊಡಿ. ಅಲ್ಲಾದ್ರೆ ಬದುಕುತ್ತೆ."

ಅತ್ತೆ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

"ಬೇಸಿಗೇಲಿ ನೋಡಿದ್ದಾ?" ಎಂದರು ಮೆಲ್ಲಗೆ. "ಆಗ್ಲೇ ಹೂವಿತ್ತಾ? ನಾನು ಮಲಗಿರುತ್ತೆ ಅಂದ್ಕೊಂಡಿದ್ನಲ್ಲ?"

"ಮಲಗಿರ್ಲಿಲ್ಲ ಅತ್ತೆ. ಒಳಗೊಳಗೇ ಕೆಲಸ ಮಾಡ್ತಿತ್ತು."

ಅತ್ತೆ ಚೀಲಕ್ಕೆ ಕೈಹಾಕಿ, ಇನ್ನೂ ಮೊಳೆಯದ ದಪ್ಪನೆಯ ಗೆಡ್ಡೆಯೊಂದನ್ನು ಹುಡುಕಿ ತೆಗೆದು, ಅಳಿಯನ ಕೈಗಿಟ್ಟರು.

"ಬಿಚ್ಚಿ."

"ಅತ್ತೆ?"

"ಬಿಚ್ಚಿ ಅಂದೆ. ನಾನೂ ನೋಡ್ಬೇಕು."

ಬಿಚ್ಚಪ್ಪ ಒಳಗಿಂದ ಚಾಕು, ಭೂತಗನ್ನಡಿ ತಂದು ಗೆಡ್ಡೆಯನ್ನು ಸೀಳಿದ. ಹೋಳಾದ ಗೆಡ್ಡೆಯನ್ನು ಅತ್ತೆಯ ಅಂಗೈ ಮೇಲಿಟ್ಟು, ಅವರ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿದ. ಅತ್ತೆ ಒಂದು ಕಣ್ಣು ಮುಚ್ಚಿ, ಬಾಯಿ ಸೊಟ್ಟ ಮಾಡಿಕೊಂಡು ಬಗ್ಗಿದರು. ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ. ಅಪ್ಪ ಭುಜದ ಮೇಲಿಂದ ಇಣುಕಿ, "ನಂಗೂ ಒಂಚೂರು, ಬೀಗಿತ್ತಿ," ಎಂದದ್ದಕ್ಕೆ ಮೊಣಕೈಯಲ್ಲಿ ತಳ್ಳಿಸಿಕೊಂಡ.

"ನಿಮ್ಮ ಮಾವ ಇದನ್ನ ನೋಡ್ಬೇಕಿತ್ತು," ಎಂದರು ಅತ್ತೆ ಕೊನೆಗೆ. ಕಣ್ಣಲ್ಲಿ ನೀರಿತ್ತು. "ಜೀವಮಾನವಿಡೀ ನೆಟ್ರು. ನೋಡ್ಲೇ ಇಲ್ಲ."

ಅಷ್ಟರಲ್ಲಿ ಗೇಟಿನ ಬಳಿ ಬೇಕರಿ ವ್ಯಾನಿನ ಹಾರ್ನ್ ಕೇಳಿಸಿತು. ಷಡ್ಡಕ ಕಿಟಕಿಯಿಂದ ತಲೆ ಹೊರಹಾಕಿ, "ಅತ್ತೆ, ಚೀಲ ವ್ಯಾನೊಳಗಿಡ್ಲಾ?" ಎಂದು ಕೂಗಿದ.

"ಬ್ರೆಡ್ಡಿದ್ರೆ ಕೊಟ್ಟು ಹೋಗಿ," ಎಂದರು ಅತ್ತೆ, ಗೆಡ್ಡೆಯಿಂದ ಕಣ್ಣು ಕೀಳದೆ. ಆಮೇಲೆ ಚೀಲವನ್ನು ಕಾಲಿನಿಂದ ಬಿಚ್ಚಪ್ಪನ ಕಡೆ ನೂಕಿದರು. "ಇವಿಷ್ಟನ್ನೂ ಇವತ್ತೇ ನೆಡಿ. ಇನ್ನೊಂದರ ಮೇಲೆ ಚಾಕು ಇಟ್ರೆ, ಅಳಿಯಂದ್ರೇ, ನಿಮ್ಮನ್ನೇ ಬಿಚ್ಚಿ ಒಳಗೇನಿದೆ ಅಂತ ನೋಡ್ತೀನಿ."